ಸ್ಟಾಕ್‌ಹೋಮಿನ ಐಸ್ ಬಾರ್ ಮತ್ತು ನಮ್ಮ ಐಸ್ ಲಾದಿ

ನಮ್ಮ ವೃತ್ತಿಯವರಿಗೆ ರಜೆ ಕೊಡುವುದು ಎರಡೇ: ಒಂದು ಪಿತೃಪಕ್ಷ, ಇನ್ನೊಂದು ಅಧಿಕ ಮಾಸ. 2018ರಲ್ಲಿ ಮೇ 16ರಿಂದ ಜೂನ್ 13ರವರೆಗೆ ಅಧಿಕ ಜ್ಯೇಷ್ಠ ಬಂತು. ಮದುವೆ, ಮುಂಜಿ, ಗೃಹಪ್ರವೇಶ ಎಲ್ಲ ಬಂದ್. ಭಟ್ಟರು, ಬಡಿಸುವ ಹುಡುಗರು ಊರಿಗೆ ಹೋದರು. ದೊಡ್ಡ ಹಂಡೆಗಳನ್ನೆಲ್ಲ ಕಲಾಯಿಗೆ ಕೊಟ್ಟು, ನಾವು ಗಂಡ-ಹೆಂಡತಿ ಇಪ್ಪತ್ತೆಂಟು ವರ್ಷದ ಈ ಉದ್ಯೋಗದಲ್ಲಿ ಮೊದಲ ಬಾರಿ ಪರದೇಶಕ್ಕೆ ಹೊರಟೆವು. ಮಗ ಸಾಫ್ಟ್‌ವೇರ್ ಕೆಲಸದ ಮೇಲೆ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿದ್ದ. ಅವನದೇ ಒತ್ತಾಯ, ಅವನದೇ ಟಿಕೆಟ್.

ಹೊರಡುವ ಮುನ್ನಾ ದಿನ ಒಂದು ಪಾರ್ಟಿ ಡೊಂಬಿವಿಲಿಯ ನಮ್ಮ ಮನೆಗೇ ಬಂದಿತ್ತು. ಹಳೆಯ ಗಿರಾಕಿ, ಮನೆಯ ಮೂರು ಕಾರ್ಯ ನಮ್ಮ ಕೈಯಲ್ಲೇ ಮಾಡಿಸಿದವರು. ಈಗ ಮಗಳ ಮದುವೆ, ಮರುದಿನ ರಿಸೆಪ್ಶನ್, ಏಳುನೂರು ಎಲೆ. ಎಲ್ಲ ಮಾತಾಗಿ ಏಳುವ ಹೊತ್ತಿಗೆ ಆ ಹುಡುಗಿ ಮೊಬೈಲ್ ತೋರಿಸಿ, "ಆಂಟಿ, ರಿಸೆಪ್ಶನ್‌ನಲ್ಲಿ ನನಗೆ ಇಂಥದ್ದೊಂದು ಬೇಕು" ಎಂದಳು. ಐಸ್‌ನದೇ ಕೌಂಟರ್, ಐಸ್‌ನದೇ ಲೋಟ. ಬಾರ್ ಎಂದರೆ ಮದ್ಯವಲ್ಲ, ಜ್ಯೂಸು ಶರಬತ್ತೇ. ಆದರೆ ಕೌಂಟರ್ ಮಾತ್ರ ಐಸ್‌ನದ್ದೇ ಆಗಬೇಕು. ನಮ್ಮಿಬ್ಬರ ಮುಖವೂ ಬಿದ್ದುಹೋಯಿತು. "ನೋಡೋಣಮ್ಮ, ಊರಿಂದ ಬಂದು ಹೇಳುತ್ತೇವೆ" ಎಂದು ಕಳಿಸಿಕೊಟ್ಟೆವು.

ಐಸ್ ಎಂದರೆ ನಮಗೆ ಯಾಕೆ ಅಷ್ಟು ಹೆದರಿಕೆ ಎಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಸ್ಟಾಕ್‌ಹೋಮ್.

ಬಾಗಿಲ ಆಚೆ ಮಾಘ ಮಾಸ

ಮಗನ ಮುಂದೆ ಈ ಸಂಗತಿ ಎತ್ತಿದ್ದೇ ತಡ, ಅವನು ನಕ್ಕುಬಿಟ್ಟ. "ಅಪ್ಪಾ, ಐಸ್ ಬಾರ್ ನೋಡಬೇಕಾದರೆ ನೀವು ಸರಿಯಾದ ಊರಿಗೇ ಬಂದಿದ್ದೀರಿ" ಎಂದ. ಸ್ಟಾಕ್‌ಹೋಮಿನ ಸೆಂಟ್ರಲ್ ರೈಲು ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ 2002ರಲ್ಲಿ ಶುರುವಾದ ಐಸ್ ಬಾರ್ ಇದೆ. ವರ್ಷಪೂರ್ತಿ ತೆರೆದಿರುವ ಐಸ್ ಬಾರ್‌ಗಳಲ್ಲಿ ಜಗತ್ತಿನಲ್ಲೇ ಮೊದಲನೆಯದೆಂದು ಹೆಸರಾದದ್ದು ಅದು.

ಆ ವರ್ಷ ಮೇ ತಿಂಗಳಲ್ಲಿ ಸ್ವೀಡನ್ನಿನಲ್ಲೂ ದಾಖಲೆಯ ಬಿಸಿಲು. ರಾತ್ರಿ ಒಂಬತ್ತು ಗಂಟೆಗೂ ಹೊತ್ತು ಮುಳುಗಿರಲಿಲ್ಲ. ಜನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರು. ಬಾರ್‌ನ ಮುಂಗೋಣೆಯಲ್ಲಿ ನಮಗೆ ತಲೆಗವುಸಿನ ದಪ್ಪ ಮೇಲಂಗಿ ಹೊದಿಸಿ, ಕೈಗವಸು ಕೊಟ್ಟರು. ಸೀರೆಯ ಮೇಲೆ ಆ ಅಂಗಿ, ಕಾಲಿಗೆ ಸಾಕ್ಸ್ ಮತ್ತು ಮಗನ ಬೂಟು. ಪಂಚಕಜ್ಜಾಯ ಹಂಚಲು ಹೊರಟ ಹಿಮಕರಡಿಯ ಹಾಗೆ ಕಾಣುತ್ತೀಯ ಎಂದು ಒಬ್ಬರು, ನಿಮ್ಮ ಹೊಟ್ಟೆ ನೋಡಿಕೊಳ್ಳಿ ಎಂದು ಇನ್ನೊಬ್ಬರು. ನಗುತ್ತಲೇ ಒಳಗೆ ಹೋದೆವು.

ಒಳಗೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ. ಮೊದಲ ಉಸಿರಿಗೇ ಮೂಗಿನ ಒಳಗೆ ಸೂಜಿ ಚುಚ್ಚಿದಂತಾಯಿತು. ಗೋಡೆ, ಕೌಂಟರ್, ಕೂರುವ ಕಟ್ಟೆ, ಮೂಲೆಯ ಶಿಲ್ಪ ಎಲ್ಲವೂ ಐಸ್. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಅದರ ಸ್ವಚ್ಛತೆ. ನಮ್ಮ ಐಸ್ ಲಾದಿಯ ನಡುವೆ ಬಿಳಿ ಸುಣ್ಣದ ಗೆರೆಯಂತೆ ಇರುತ್ತದಲ್ಲ, ಅದು ಇಲ್ಲವೇ ಇಲ್ಲ. ಒಂದು ಅಡಿ ದಪ್ಪದ ಗೋಡೆಯ ಆಚೆ ನಿಂತವರ ಮುಖ ಕಾಣುತ್ತದೆ.

ಟಿಕೆಟ್‌ನಲ್ಲೇ ಒಂದು ಪಾನೀಯ ಸೇರಿದೆ. "ಮದ್ಯವಿಲ್ಲದ್ದು" ಎಂದು ಮಗ ಹೇಳಿದ. ಲಿಂಗನ್‌ಬೆರ್ರಿ ಎಂಬ ಕೆಂಪು ಕಾಡುಹಣ್ಣಿನ ಶರಬತ್ತು ಬಂತು. ಹುಳಿ-ಸಿಹಿ-ಒಗರು ಮೂರೂ ಸೇರಿದ ರುಚಿ. ಬಾಯಿಗೆ ಬಿದ್ದಕೂಡಲೇ ಇಬ್ಬರೂ ಒಟ್ಟಿಗೆ ಹೇಳಿದೆವು: "ಅರೆ, ಪುನರ್ಪುಳಿ!" ಲೋಟ ಮಾತ್ರ ಐಸ್‌ನದು. ನಾಲ್ಕು ಮೂಲೆಯ ಗಟ್ಟಿ ಕಡ್ಡಿಗೆ ನಡುವೆ ಕೊರೆದ ಹಾಗೆ. ಕೈಗವಸಿನಲ್ಲಿ ಹಿಡಿದು ತುಟಿಗೆ ತಾಗಿಸಿದರೆ, ಲೋಟವೇ ನೀರು, ನೀರೇ ಲೋಟ. ಇನ್ನೊಮ್ಮೆ ಬೇಕೆಂದರೆ ಅದೇ ಲೋಟಕ್ಕೆ ತುಂಬಿಸಿ ಕೊಡುತ್ತಾರೆ.

ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾವಿಬ್ಬರು ಕೌಂಟರಿನ ಕೆಳಗೆ ಬಗ್ಗಿ ನೋಡುತ್ತಿದ್ದೆವು. ನೀರು ಎಲ್ಲಿಗೆ ಹೋಗುತ್ತದೆ? ದೀಪ ಯಾವ ತರಹದ್ದು? ಬಡಿಸುವವಳು ಲೋಟವನ್ನು ಯಾವುದರಿಂದ ಎತ್ತುತ್ತಾಳೆ? ಕಾಂಟ್ರಾಕ್ಟಿನವರ ಕಣ್ಣು ಎಲ್ಲಿಗೆ ಹೋದರೂ ಅಷ್ಟೇ ತಾನೆ. ಮುಕ್ಕಾಲು ಗಂಟೆಯ ಒಳಗೆ ಕಾಲ ಬೆರಳು ಮರಗಟ್ಟಿ ಹೊರಗೆ ಬಂದೆವು. ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತು, ಆ ಐಸ್ ಎಲ್ಲಿಂದ ಬರುತ್ತದೆಂದು ಮಗನಿಂದ ಕೇಳಿ ತಿಳಿದುಕೊಂಡೆವು.

ಐಸ್ ಎಂಬುದು ಅವರಿಗೆ ಬೆಳೆ

ಸ್ವೀಡನ್ನಿನ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 200 ಕಿಲೋಮೀಟರ್ ಮೇಲೆ, ಯುಕ್ಕಾಸ್‌ಯಾರ್ವಿ ಎಂಬ ಹಳ್ಳಿ. ಪಕ್ಕದಲ್ಲಿ ಟೋರ್ನೆ ನದಿ. ಅಣೆಕಟ್ಟಿನ ಗೊಡವೆಯಿಲ್ಲದೆ ಹರಿಯುವ, ಶುದ್ಧ ನೀರಿನ ನದಿ ಅದು. ಬೇಸಿಗೆಯಲ್ಲಿ ಪ್ರವಾಸಿಗಳು ಬರುತ್ತಿದ್ದರು, ಚಳಿಗಾಲದಲ್ಲಿ ಯಾರೂ ಇಲ್ಲ. ಅಲ್ಲಿನ ಯಂಗ್ವೆ ಬೆರಿಕ್ವಿಸ್ಟ್ ಎಂಬವರು, ಜನರನ್ನು ಓಡಿಸುವ ಚಳಿಯನ್ನೇ ಬಂಡವಾಳ ಮಾಡೋಣ ಎಂದು ಹೊರಟು, 1989-90ರ ಸುಮಾರಿಗೆ ಹಿಮ-ಮಂಜುಗಡ್ಡೆಯ ಕಲಾಪ್ರದರ್ಶನ, ಹಿಮದ ಮನೆ ಇವನ್ನೆಲ್ಲ ಶುರುಮಾಡಿದರು. ಅದೇ ಮುಂದೆ ಐಸ್ ಹೋಟೆಲ್ ಆಯಿತು. ಪ್ರತಿ ಚಳಿಗಾಲ ಕಟ್ಟುವುದು, ಬೇಸಿಗೆಗೆ ಕರಗಿ ಮತ್ತೆ ನದಿಗೇ ಸೇರುವುದು. 2016ರಿಂದ ಒಂದು ಭಾಗವನ್ನು ಸೌರವಿದ್ಯುತ್ತಿನಿಂದ ತಂಪಾಗಿಟ್ಟು ಬೇಸಿಗೆಯಲ್ಲೂ ಉಳಿಸಿಕೊಂಡಿದ್ದಾರೆ. ಸ್ಟಾಕ್‌ಹೋಮಿನ ಬಾರ್ ಅವರದೇ ಕೂಸು.

ನಮ್ಮ ರೈತರು ಕೊಯ್ಲು ಮಾಡುವ ಹಾಗೆ ಮಾರ್ಚ್-ಏಪ್ರಿಲ್‌ನಲ್ಲಿ ಅವರು ನದಿಯ ಮೇಲೆ ಐಸ್ ಕೊಯ್ಯುತ್ತಾರೆ. ಒಂದೊಂದು ತುಂಡು ಎರಡು ಟನ್ನಿನವರೆಗೂ ತೂಗುತ್ತದೆ. ಅದನ್ನು ಶೀತಲ ಗೋದಾಮಿನಲ್ಲಿ ಮುಂದಿನ ಚಳಿಗಾಲದವರೆಗೆ ಇಡುತ್ತಾರೆ. ಆ ಐಸ್ ಕನ್ನಡಿಯಂತಿರಲು ಕಾರಣ ಸರಳ. ನೀರು ಹೆಪ್ಪುಗಟ್ಟುವಾಗ ತನ್ನೊಳಗಿನ ಗಾಳಿಯನ್ನೂ ಲವಣವನ್ನೂ ಹೊರಗೆ ತಳ್ಳುತ್ತದೆ. ನದಿಯಲ್ಲಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಕೆಳಗಿನ ಹರಿವು ಗುಳ್ಳೆಗಳನ್ನು ಒಯ್ಯುತ್ತದೆ. ನಮ್ಮ ಫ್ಯಾಕ್ಟರಿಯಲ್ಲಿ ತಗಡಿನ ಕ್ಯಾನ್‌ಗಳನ್ನು ತಣ್ಣನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಸುತ್ತಾರೆ. ನಾಲ್ಕೂ ಕಡೆಯಿಂದ ಹೆಪ್ಪುಗಟ್ಟಿ, ಗಾಳಿ-ಕೊಳೆ ಹೋಗಲು ದಾರಿಯಿಲ್ಲದೆ ನಡುವೆ ಸಿಕ್ಕಿಕೊಳ್ಳುತ್ತದೆ. ಅದೇ ಆ ಬಿಳಿ ಗೆರೆ.

ನಮ್ಮ ಮುಂಬಯಿಗೂ ಹೀಗೆ ಕೆರೆಯಿಂದ ಕೊಯ್ದ ಐಸ್ ಬಂದಿತ್ತು ಎಂದರೆ ಇಂದಿನವರು ನಂಬಲಾರರು. ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ ಹಡಗಿನಲ್ಲಿ ಸುಮಾರು 180 ಟನ್ ಐಸ್ ತುಂಬಿ ಕಲ್ಕತ್ತಕ್ಕೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣದ ನಂತರ ಸುಮಾರು ನೂರು ಟನ್ ಉಳಿದಿತ್ತು. ಕಾಪಾಡಿದ್ದು ಮರದ ಹೊಟ್ಟು! ಮರುವರ್ಷವೇ ಮುಂಬಯಿಗೂ ಬಂತು. ಸರ್ ಜಮ್‌ಶೇಟ್‌ಜಿ ಜೀಜೀಭಾಯ್ ತಮ್ಮ ಔತಣದಲ್ಲಿ ಐಸ್‌ಕ್ರೀಂ ಬಡಿಸಿ, ಉಂಡವರಿಗೆಲ್ಲ ನೆಗಡಿಯಾಯಿತೆಂಬ ಕಥೆ ಇಂದಿಗೂ ಮುಂಬಯಿಯಲ್ಲಿ ಚಾಲ್ತಿಯಲ್ಲಿದೆ. ಮದ್ರಾಸಿನ ಸದಸ್ಯರಿಗೆ ಹೇಳಬೇಕಾಗಿಲ್ಲ, ಮರೀನಾ ಎದುರಿನ ಐಸ್ ಹೌಸ್ 1842ರಲ್ಲಿ ಆ ಐಸ್ ಇಡಲೆಂದೇ ಕಟ್ಟಿದ್ದು. ಯಂತ್ರದ ಐಸ್ ಬಂದಮೇಲೆ ಆ ವ್ಯಾಪಾರ ಮುಚ್ಚಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದೂ ಅದೇ ಕಟ್ಟಡದಲ್ಲಿ. ಇಂದು ಅದು ವಿವೇಕಾನಂದರ ಇಲ್ಲಂ.

2012ರ ಮೇ ತಿಂಗಳು

ಈಗ ನಮ್ಮ ಕಥೆ. ಹೇಳಿಕೊಳ್ಳಲು ಹೆಮ್ಮೆಯ ವಿಷಯವಲ್ಲ. ಆದರೂ ಸಂಘದ ಪತ್ರಿಕೆಯಲ್ಲದೆ ಇನ್ನೆಲ್ಲಿ ಹೇಳುವುದು?

2012ರ ಮೇ, ಠಾಣೆಯಲ್ಲಿ ಒಂದು ರಿಸೆಪ್ಶನ್. ವಿಪರೀತ ಸೆಕೆ. ವೆಲ್ಕಮ್ ಡ್ರಿಂಕ್ ಎಂದು ಪುನರ್ಪುಳಿ ಶರಬತ್ತು, ಮಜ್ಜಿಗೆ. ಕುಡಿಯುವ ನೀರಿಗೆ ಇಪ್ಪತ್ತು ಲೀಟರಿನ ಸೀಲ್ ಜಾರ್ ತರಿಸಿದ್ದೆವು. ಮಜ್ಜಿಗೆಗೂ ಅದೇ ನೀರು. ಮಾಮೂಲಿನ ಐಸ್‌ನವನ ಟೆಂಪೋ ಕೆಟ್ಟು ನಿಂತಿತು. ಸಂಜೆ ಆರಕ್ಕೆ ಹಾಲ್‌ನವರು ಇನ್ನೊಬ್ಬನ ನಂಬರ್ ಕೊಟ್ಟರು. ಏಳಕ್ಕೆ ಮೂರು ಲಾದಿ ಬಂತು, ಒದ್ದೆ ಗೋಣಿ ಸುತ್ತಿ, ಹೊಟ್ಟು ಹಾಕಿ. ಹುಡುಗರು ನೆಲದ ಮೇಲೆ ಎಳೆದು, ಸೂಜದಿಂದ ಒಡೆದು, ಕೈಯಿಂದಲೇ ಡ್ರಮ್ಮಿಗೆ ಹಾಕಿದರು. ನಾವು ಪಕ್ಕದಲ್ಲೇ ನಿಂತಿದ್ದೆವು. ಬೇಗ ಬೇಗ ಎಂದು ಅವಸರಿಸಿದವರೂ ನಾವೇ.

ಮರುದಿನ ಮಧ್ಯಾಹ್ನದಿಂದ ಫೋನ್ ಶುರು. ವಾಂತಿ, ಭೇದಿ. ಸಂಜೆಯ ಹೊತ್ತಿಗೆ ಮೂವತ್ತೈದು ಮಂದಿಯ ಲೆಕ್ಕ ಸಿಕ್ಕಿತು. ಮದುಮಗನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದರು. ಊಟ ಮಾಡದೆ ಬರೀ ಶರಬತ್ತು ಕುಡಿದು ಹೋದವರಿಗೂ ಆಗಿತ್ತು. ಎಲ್ಲಿಂದ ಬಂತೆಂದು ಕೇಳುವ ಅಗತ್ಯವೇ ಇರಲಿಲ್ಲ. ನಾಲ್ಕು ದಿನ ನಾವು ಸರದಿಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆವು. ಅಜ್ಜಿ ಬದುಕಿದರು, ದೇವರು ದೊಡ್ಡವನು. ಖರ್ಚು ಕೊಟ್ಟೆವು, ಬಿಲ್ ಬಿಟ್ಟೆವು. ಆ ಮನೆಯವರು ಕೂಗಾಡಲಿಲ್ಲ. ಮದುಮಗನ ತಂದೆ ಒಂದೇ ಮಾತು ಕೇಳಿದರು: "ನೀರು ಯಾವುದೆಂದು ನಾನು ಕೇಳಿದ್ದೆ, ನೀವು ಹೇಳಿದ್ದಿರಿ. ಐಸ್ ಯಾವ ನೀರಿನದು?" ನಮ್ಮ ಬಳಿ ಉತ್ತರ ಇರಲಿಲ್ಲ.

ತಪ್ಪು ಐಸ್‌ನವನದು ಎಂದು ಎಷ್ಟೋ ಜನ ಸಮಾಧಾನ ಹೇಳಿದರು. ಅವನು ಮೀನಿಗೂ ಶವಕ್ಕೂ ಇಡುವ ಐಸ್ ಮಾರುವವನು, ಕುಡಿಯಲೆಂದು ಅವನು ಹೇಳಿಯೇ ಇರಲಿಲ್ಲ. ಕೇಳದಿದ್ದವರು ನಾವು. ಹೆಪ್ಪುಗಟ್ಟಿಸಿದರೆ ರೋಗಾಣು ಸಾಯುವುದಿಲ್ಲ, ನಿದ್ದೆಹೋಗುತ್ತದೆ ಅಷ್ಟೆ. ಕರಗಿದಾಗ ಎದ್ದು ಕೂರುತ್ತದೆ ಎಂದು ಡಾಕ್ಟರರು ತಿಳಿಸಿ ಹೇಳಿದರು. ಅಂದಿನಿಂದ ನಮ್ಮ ಪಂಕ್ತಿಯಲ್ಲಿ ಐಸ್ ಬಂದ್. ಫ್ರಿಜ್ಜಿನಲ್ಲಿ ತಣ್ಣಗಾದಷ್ಟೇ ಸಾಕು. ಕೆಲವು ಪಾರ್ಟಿಗಳು ಇದಕ್ಕಾಗಿಯೇ ಕೈಬಿಟ್ಟವು.

ಕಟ್ಟೆಯ ಮೇಲಿನ ಚರ್ಚೆ

ಇದೆಲ್ಲ ಸ್ಟಾಕ್‌ಹೋಮಿನ ಆ ಕಟ್ಟೆಯ ಮೇಲೆ ಮತ್ತೆ ಎದ್ದು ಬಂತು. "ರೀ, ಬೇಡ ಎಂದುಬಿಡಿ. ಒಂದು ಮದುವೆ ಹೋದರೆ ಹೋಗಲಿ" ಎಂದದ್ದು ಒಬ್ಬರು. "ಇವರು ಐಸ್‌ನಲ್ಲೇ ಕುಡಿಸುತ್ತಾರಲ್ಲ, ಇವರಿಗೆ ಭಯವಿಲ್ಲವೇ?" ಎಂದದ್ದು ಇನ್ನೊಬ್ಬರು. ಮಗ ನಡುವೆ ಬಾಯಿ ಹಾಕಿದ: "ಅಮ್ಮಾ, ಇವರಿಗೆ ಐಸ್ ಯಾವ ನದಿಯದು, ಯಾವ ತಿಂಗಳು ಕೊಯ್ದದ್ದು, ಎಲ್ಲಿ ಇಟ್ಟದ್ದು ಎಲ್ಲ ಗೊತ್ತು. ನಿಮಗೆ ಆವತ್ತು ಗೊತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ."

ಅಕ್ಕಿ ಯಾವ ಮಿಲ್ಲಿನದು, ತುಪ್ಪ ಯಾವ ಡೇರಿಯದು, ಬಾಳೆಲೆ ಯಾವ ಊರಿನದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವರು ನಾವು. ಐಸನ್ನು ಮಾತ್ರ ಎಂದೂ ಸಾಮಾನಿನ ಪಟ್ಟಿಯಲ್ಲಿ ಬರೆದವರಲ್ಲ. ಅದು 'ಇತರ ಖರ್ಚು' ಎಂಬ ಸಾಲಿನಲ್ಲಿ ಟೆಂಪೋ ಬಾಡಿಗೆಯ ಜೊತೆ ಹೋಗುತ್ತಿತ್ತು. ಐಸ್ ಒಂದು ಅಡುಗೆ ಸಾಮಾನು ಎಂಬ ಮಾತು ತಲೆಗೆ ಹೋಗಲು ನಾವು ಸ್ವೀಡನ್ನಿಗೆ ಹೋಗಬೇಕಾಯಿತು.

ನೀಲಿ ಐಸ್

ಜೂನ್ ಎರಡನೇ ವಾರ ಮುಂಬಯಿಗೆ ಮರಳಿದರೆ ಮಾರುಕಟ್ಟೆಯಲ್ಲಿ ನೀಲಿ ಲಾದಿಗಳು! ಕುಡಿಯಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಬೆರೆಸಬೇಕೆಂಬ ಆಹಾರ ಸುರಕ್ಷಾ ಇಲಾಖೆಯ ನಿಯಮ ಮಹಾರಾಷ್ಟ್ರದಲ್ಲಿ 2018ರ ಜೂನ್ 1ರಿಂದ ಜಾರಿಯಾಗಿತ್ತು. ಇಂಡಿಗೋ ಕಾರ್ಮೈನ್ ಅಥವಾ ಬ್ರಿಲಿಯಂಟ್ ಬ್ಲೂ ಬಣ್ಣ, 10 ಪಿಪಿಎಂವರೆಗೆ. ತಿನ್ನುವ ಐಸ್ ಬಿಳಿ, ಮೀನು-ಮಾಲು ತಣ್ಣಗಿಡುವ ಐಸ್ ನೀಲಿ. ಒಳ್ಳೆಯ ನಿಯಮ. ಆದರೆ ಬಿಳಿ ಇದ್ದಮಾತ್ರಕ್ಕೆ ಶುದ್ಧ ಎಂದು ನಂಬಿ ಕೂರುವುದು ನಮ್ಮ ವೃತ್ತಿಗೆ ತಕ್ಕದ್ದಲ್ಲ. ನೀಲಿ ಹಾಕಬೇಕಾದವನು ಹಾಕದೆ ಬಿಟ್ಟರೂ ಐಸ್ ಬಿಳಿಯೇ ತಾನೆ?

ಹುಡುಗಿಯ ಮನೆಗೆ ಹೋಗಿ, "ಮಾಡುತ್ತೇವೆ, ಆದರೆ ನಮ್ಮ ರೀತಿಯಲ್ಲಿ" ಎಂದೆವು. 2012ರ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆವು. ಹುಡುಗಿಯ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದಿರಲ್ಲ, ಅದಕ್ಕೇ ನಿಮಗೇ ಕೊಡುತ್ತೇನೆ" ಎಂದರು.

ಫೆಬ್ರವರಿಯ ಕೌಂಟರ್

ಮೊದಲು ಲೆಕ್ಕ. ಆರು ಅಡಿ ಉದ್ದ, ಎರಡು ಅಡಿ ಅಗಲ, ಮೂರೂವರೆ ಅಡಿ ಎತ್ತರದ ಗಟ್ಟಿ ಐಸ್ ಕೌಂಟರ್ ಎಂದರೆ 42 ಘನ ಅಡಿ. ಒಂದು ಘನ ಅಡಿ ಐಸ್ ಸುಮಾರು 26 ಕಿಲೋ. ಅಂದರೆ ಹತ್ತಿರ ಹತ್ತಿರ 1,100 ಕಿಲೋ! ಮೊದಲ ಮಾಳಿಗೆಯ ಹಾಲ್‌ನಲ್ಲಿ ಅದನ್ನು ಇಡುವುದು ಹುಚ್ಚು. ಹಾಗಾಗಿ ಒಳಗೆ ಸ್ಟೀಲ್ ಚೌಕಟ್ಟು, ಮುಂದೆ ಮತ್ತು ಮೇಲೆ ಮಾತ್ರ ಐಸ್ ಹಲಗೆ, ಕೆಳಗೆ ತಟ್ಟೆ, ತಟ್ಟೆಯಿಂದ ಪೈಪು, ಪೈಪಿನಿಂದ ಡ್ರಮ್ಮು.

ಕೌಂಟರಿನ ಐಸ್‌ಗೆ ಲೈಸೆನ್ಸ್ ಇರುವ ಫ್ಯಾಕ್ಟರಿಗೆ ನಾವೇ ಹೋಗಿ ನೀರಿನ ಪರೀಕ್ಷಾ ವರದಿ ನೋಡಿದೆವು. ಆದರೂ ಕುಡಿಯುವ ವಸ್ತು ಅದಕ್ಕೆ ತಾಗದಂತೆ ಮೇಲೆ ಗಾಜು ಹಾಸಿದೆವು. ಲೋಟಗಳನ್ನು ಮಾತ್ರ ಹೊರಗಿನವರಿಗೆ ಬಿಡಲಿಲ್ಲ. ಸಿಲಿಕೋನ್ ಅಚ್ಚು ತರಿಸಿ, ಆರ್‌ಒ ನೀರು ಕುದಿಸಿ ಆರಿಸಿ, ನಮ್ಮದೇ ಡೀಪ್ ಫ್ರೀಜರಿನಲ್ಲಿ ಹನ್ನೆರಡು ದಿನಗಳಲ್ಲಿ 400 ಲೋಟ ಮಾಡಿದೆವು.

ಮೊದಲ ಪ್ರಯೋಗ ಸೋತಿತು. ಫ್ರೀಜರಿನಿಂದ ತೆಗೆದು ಕೂಡಲೇ ಶರಬತ್ತು ಸುರಿದರೆ ಲೋಟ ಟಪ್ ಎಂದು ಸೀಳಿತು. ಹೊರಗೆ ಕೆಲವು ನಿಮಿಷ ಇಟ್ಟು, ಮೇಲಿನ ಬಿಳಿ ಹಿಮ ಹೋಗಿ ಹೊಳಪು ಬಂದಮೇಲೆ ಸುರಿದರೆ ಸೀಳುವುದಿಲ್ಲ ಎಂಬುದನ್ನು ಹದಿನೆಂಟು ಲೋಟ ಒಡೆದು ಕಲಿತೆವು. ಎರಡನೆಯ ತೊಂದರೆ ಡೆಕೋರೇಟರನ ದೀಪ. ದೊಡ್ಡ ಹ್ಯಾಲೊಜನ್ ಬಲ್ಬಿನ ಎದುರು ಅರ್ಧ ಗಂಟೆಯಲ್ಲಿ ಹಲಗೆಯ ಅಂಚು ಕರಗಿತು. ಎಲ್‌ಇಡಿ ಹಾಕಿಸಿದೆವು. ಇನ್ನೊಂದು, ಲೋಟ ಹಿಡಿದವರ ರೇಷ್ಮೆ ಸೀರೆಗೆ ನೀರು. ಅದಕ್ಕೆ ಹಾಳೆ ತಟ್ಟೆಯನ್ನು ಕತ್ತರಿಸಿ ಸಣ್ಣ ಹಿಡಿಕೆ ಮಾಡಿದೆವು. ನೋಡಲೂ ಚೆಂದ, ಊರ ಅಡಿಕೆಯ ಹಾಳೆ.

2019ರ ಫೆಬ್ರವರಿಯ ಆ ಸಂಜೆ ಕೌಂಟರ್ ಎರಡು ಗಂಟೆ ನಡೆಯಿತು. ಲಿಂಗನ್‌ಬೆರ್ರಿ ಇರಲಿಲ್ಲ, ನಮ್ಮ ಪುನರ್ಪುಳಿ ಇತ್ತು. ಮಕ್ಕಳು ಮೂರು ಮೂರು ಸಲ ಬಂದರು. ಲಾಭ ಕೇಳಿದರೆ ದೊಡ್ಡದೇನಿಲ್ಲ. ಅಚ್ಚು, ಚೌಕಟ್ಟು, ಫ್ರೀಜರಿನ ಕರೆಂಟು ಕಳೆದು ಕೈಗೆ ಬಂದದ್ದು ಅಷ್ಟಕ್ಕಷ್ಟೆ.

ಮಾಡಲು ಹೊರಟವರಿಗೆ

ಈಗ ಇಂಥ ಆರ್ಡರ್ ನಮ್ಮ ಅನೇಕ ಸದಸ್ಯರಿಗೂ ಬರುತ್ತಿದೆ. ನಾವು ಕಲಿತದ್ದು ಇಷ್ಟು.

1. ಐಸನ್ನು 'ಇತರ ಖರ್ಚಿ'ನಿಂದ ತೆಗೆದು ಸಾಮಾನಿನ ಪಟ್ಟಿಗೆ ಸೇರಿಸಿ. ತಂದವನ ಹೆಸರು, ಫ್ಯಾಕ್ಟರಿ, ಲೈಸೆನ್ಸ್ ನಂಬರ್, ತಾರೀಕು ಬರೆದಿಡಿ.

2. ನೋಡುವ ಐಸ್ ಬೇರೆ, ಬಾಯಿಗೆ ಹೋಗುವ ಐಸ್ ಬೇರೆ. ಎರಡಕ್ಕೂ ಒಂದೇ ಪೆಟ್ಟಿಗೆ, ಒಂದೇ ಸೂಜ ಬೇಡ.

3. ಕೈ ಹಾಕಬಾರದು, ಲೋಟದಿಂದ ಮೊಗೆಯಬಾರದು. ಹಿಡಿಕೆಯಿರುವ ಸ್ಟೀಲ್ ಸೌಟು, ಇಕ್ಕುಳ ಬಳಸಿ. ನೆಲಕ್ಕೆ ತಾಗಿದ ಐಸ್ ಚರಂಡಿಗೆ.

4. ತೂಕದ ಲೆಕ್ಕ ಮಾಡದೆ, ಹಾಲ್‌ನವರನ್ನು ಕೇಳದೆ ದೊಡ್ಡ ಐಸ್ ಇಡಬೇಡಿ. ನೀರು ಹೋಗುವ ದಾರಿ ಮೊದಲು, ಕೌಂಟರ್ ನಂತರ.

5. ಮಾಮೂಲಿನವನು ಕೈಕೊಟ್ಟರೆ ಅವಸರದಲ್ಲಿ ಬೇರೆಯವನಿಂದ ತರಿಸಬೇಡಿ. ಆ ದಿನ ಐಸ್ ಇಲ್ಲ ಎಂದು ಪಾರ್ಟಿಗೆ ಹೇಳಿಬಿಡಿ. ಬೈಗಳು ಒಂದು ದಿನ, ಆಸ್ಪತ್ರೆಯ ಬೆಂಚು ಜನ್ಮಪೂರ್ತಿ.

ಆ ರಿಸೆಪ್ಶನ್ನಿನ ಒಂದು ಮಾತು ಹೇಳಿ ಮುಗಿಸುತ್ತೇವೆ. ಎಂಟು ಗಂಟೆಯ ಹೊತ್ತಿಗೆ ಮಡಿಸೀರೆಯ ಒಬ್ಬರು ಅಜ್ಜಿ ಮೊಮ್ಮಗನ ಕೈಹಿಡಿದು ಕೌಂಟರಿನ ಬಳಿ ಬಂದರು. ಹುಡುಗ ಲೋಟಕ್ಕೆ ಕೈಚಾಚಿದ. ಅಜ್ಜಿ ಅವನ ಕೈ ತಡೆದು, ನಮ್ಮ ಮುಖ ನೋಡಿ ಕೇಳಿದರು: "ಇದು ಯಾವ ನೀರಿನದಪ್ಪ?"

ಏಳು ವರ್ಷದ ಹಿಂದೆ ಕೇಳಿದ ಅದೇ ಪ್ರಶ್ನೆ. ಈ ಸಲ ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಯಾವ ನೀರು, ಹೇಗೆ ಕುದಿಸಿದ್ದು, ಯಾವಾಗ ಹೆಪ್ಪಾದದ್ದು ಎಲ್ಲ ಹೇಳಿದೆವು. ಅಜ್ಜಿ ಪೂರ್ತಿ ಕೇಳಿಸಿಕೊಂಡು ಹುಡುಗನ ಕೈ ಬಿಟ್ಟರು. ಆಮೇಲೆ, "ನನಗೂ ಒಂದು ಕೊಡಿ, ಅರ್ಧ ಸಾಕು" ಎಂದರು.